ಒಬ್ಬರೇ ರೋಗಿಗೆ ಮೂರು ಕಡತಗಳಿರುವ ಬಗ್ಗೆ ದೂರು

ವೈದ್ಯಕೀಯ ಅಧೀಕ್ಷಕರಿಗೆ,
ಮಂಗಳೂರು.

ಮಾನ್ಯರೇ,

ನಿಮ್ಮ ದಾಖಲೆ ವಿಭಾಗಕ್ಕೆ ಐದು ಸಲ ಕರೆ ಮಾಡಿ, ಎರಡು ಸಲ ಸುರತ್ಕಲ್‌ನಿಂದ ಬಸ್ಸು ಹಿಡಿದು ಖುದ್ದಾಗಿ ಬಂದು, ಪ್ರತಿ ಸಲವೂ "ಸರಿ ಮಾಡುವ" ಎಂಬ ಉತ್ತರವನ್ನೇ ಪಡೆದ ಬಳಿಕ ಈ ಪತ್ರ ಬರೆಯುತ್ತಿದ್ದೇನೆ.

ನನಗೆ ತಾಯಿ ಒಬ್ಬರೇ. ನಿಮ್ಮ ಕಂಪ್ಯೂಟರಿನಲ್ಲಿ ಮೂವರಿದ್ದಾರೆ. ಹಳೆಯ ಕಡತದಲ್ಲಿ ಅವರು 'ಪೂಜಾರ್ತಿ' ('ಪೂಜಾರಿ'ಯ ಸ್ತ್ರೀರೂಪ), ಆಧಾರ್ ನೋಡಿ ಮಾಡಿದ ಎರಡನೆಯದರಲ್ಲಿ 'ಪೂಜಾರಿ', ಮೂರನೆಯದರಲ್ಲೂ 'ಪೂಜಾರಿ'ಯೇ, ಆದರೆ ಇಂಗ್ಲಿಷಿನ ಕೊನೆಯಕ್ಷರ 'ವೈ' ಹೋಗಿ 'ಐ' ಆಗಿದೆ. ಹುಟ್ಟಿದ ದಿನ ಬರೆದಿಡದ ಆ ತಲೆಮಾರಿನ ಎಷ್ಟೋ ಮಂದಿಯಂತೆ ಅವರಿಗೂ ಆಧಾರ್‌ನಲ್ಲಿ ಜನವರಿ 1ನ್ನು ಜನ್ಮದಿನವಾಗಿ ಕೊಟ್ಟಿದ್ದಾರೆ. ಕರಾವಳಿಯಲ್ಲಿ ಆಸ್ಪತ್ರೆ ನಡೆಸುವವರಿಗೆ ಇದಾವುದೂ ಹೊಸತಲ್ಲ. ಹೊಸ ಯುಎಚ್‌ಐಡಿ, ಅಂದರೆ ರೋಗಿಗೊಂದರಂತೆ ಆಸ್ಪತ್ರೆ ಕೊಡುವ ಗುರುತಿನ ಸಂಖ್ಯೆ, ಕೊಡುವ ಮೊದಲು ಮೊಬೈಲ್ ಸಂಖ್ಯೆ ಹಾಕಿ ಹುಡುಕಬೇಕೆಂಬುದೂ ನಿಮಗೆ ತಿಳಿದದ್ದೇ. ಮೂರು ಕಡತಗಳಲ್ಲೂ ಇರುವುದು ನನ್ನ ಒಂದೇ ಸಂಖ್ಯೆ.

ಪೆನಿಸಿಲಿನ್ ಅವರಿಗೆ ಆಗುವುದಿಲ್ಲವೆಂದು ಹಳೆಯ ಕಡತದಲ್ಲಿ ಕೆಂಪು ಶಾಯಿಯಲ್ಲಿ ಬರೆದಿದೆ. ಕಳೆದ ತಿಂಗಳು ಕಾಲಿನ ಗಾಯಕ್ಕಾಗಿ ದಾಖಲಿಸಿಕೊಂಡದ್ದು ಮೂರನೆಯ ಸಂಖ್ಯೆಯಲ್ಲಿ. ಅಲ್ಲಿ ಅಲರ್ಜಿಯ ಜಾಗದಲ್ಲಿ "ಇಲ್ಲ" ಎಂದಿದೆ. ಅದೇ ಗುಂಪಿಗೆ ಸೇರಿದ ಅಮಾಕ್ಸಿಸಿಲಿನ್ ಇಂಜೆಕ್ಷನ್ ತಂದ ಸಿಸ್ಟರ್, ಮದ್ದಿನ ಹೆಸರನ್ನು ಬಾಯಿಬಿಟ್ಟು ಹೇಳಿದ್ದರಿಂದ ಮಾತ್ರ ನಾನು ತಡೆಯಲು ಸಾಧ್ಯವಾಯಿತು.

ಡಿಸ್ಚಾರ್ಜ್ ದಿನ ಕಾಲಿಗೆ ಬ್ಯಾಂಡೇಜ್ ಕಟ್ಟಿಕೊಂಡು ಗಾಲಿಕುರ್ಚಿಯಲ್ಲಿದ್ದ ತಾಯಿಯನ್ನು, ನಿಮ್ಮ ಕೌಂಟರಿನವರು ಪರದೆಯಿಂದ ಕಣ್ಣು ತೆಗೆಯದೆ, ಸಾಲಿನಲ್ಲಿದ್ದವರೆಲ್ಲ ಕೇಳುವಂತೆ, "ಅಮ್ಮ, ನಿಮಗೆ ಒಟ್ಟು ಎಷ್ಟು ಹೆಸರು ಉಂಟು?" ಎಂದು ವಿಚಾರಿಸಿದರು. ಹಿಂದಿನಿಂದ ಯಾರೋ ನಕ್ಕರು. ತಾಯಿ ತಮಾಷೆಯೆಂದು ತಿಳಿಯದೆ, "ಶಾಲೆಯಲ್ಲಿ ಒಂದೇ ಇತ್ತು ಮಗಾ" ಎಂದರು. ಮೂವರೂ ಒಬ್ಬರೇ ಎಂದು ನೋಟರಿಯಿಂದ ಅಫಿಡವಿಟ್ ತರಬೇಕೆಂದರು. ಮೂರು ಸಂಖ್ಯೆ ಕೊಟ್ಟದ್ದು ಇದೇ ಕೌಂಟರ್ ಎಂದು ನಾನು ಹೇಳಿದಾಗ, "ಹಾಗಾದರೆ ನಾಲ್ಕನೆಯದು ಮಾಡಿಕೊಡ್ತೇನೆ, ಅದರಲ್ಲಿ ಎಲ್ಲ ಸರಿ ಬರೆಯುವ" ಎಂದರು. ಆ ಔದಾರ್ಯವನ್ನು ನಾನು ಸ್ವೀಕರಿಸಲಿಲ್ಲ. ಆದರೆ ಎರಡನೆಯ ಕಡತದಲ್ಲಿದ್ದ 240 ರೂಪಾಯಿ ಬಾಕಿಯನ್ನು ಮೂರನೆಯ ಕಡತದ ಬಿಲ್ಲಿಗೆ ಸೇರಿಸುವಾಗ ಇವರಿಬ್ಬರೂ ಒಬ್ಬರೇ ಎಂಬುದು ನಿಮ್ಮ ಬಿಲ್ಲಿಂಗ್ ವಿಭಾಗಕ್ಕೆ ಯಾವ ಅಫಿಡವಿಟ್ ಇಲ್ಲದೆಯೂ ಹೊಳೆದಿತ್ತು.

ಮೂರೂ ಕಡತಗಳನ್ನು ಒಂದೇ ಸಂಖ್ಯೆಯಡಿ ವಿಲೀನಗೊಳಿಸಿ, ಅಲರ್ಜಿಯ ವಿಷಯ ಮೊದಲ ಪುಟದಲ್ಲೇ ಕಾಣುವಂತೆ ಮಾಡಿ. ಹೆಚ್ಚುವರಿ ಸಂಖ್ಯೆಗಳನ್ನು ಸುಮ್ಮನೆ ಅಳಿಸಿಬಿಟ್ಟರೆ ಅವುಗಳೊಳಗಿನ ವರದಿಗಳೂ ಹೋದಾವು, ಅದು ಬೇಡ. ಲಿಖಿತವಾಗಿ ಕೇಳಿದ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕೆಂದು ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಿಯಮಾವಳಿ ಹೇಳುತ್ತದೆ. ನಾನು ಅರ್ಜಿ ಕೊಟ್ಟು ಹನ್ನೊಂದು ದಿನಗಳಾದವು.

ಇನ್ನು ಏಳು ದಿನ ಕಾಯುತ್ತೇನೆ. ಬಳಿಕ ಖಾಸಗಿ ಆಸ್ಪತ್ರೆಗಳ ಮೇಲಿನ ದೂರು ವಿಚಾರಿಸುವ, ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಕೆಪಿಎಂಇ ಪ್ರಾಧಿಕಾರಕ್ಕೂ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕರ ಆಯೋಗಕ್ಕೂ ನಿಮ್ಮ ಮೂವರು ರೋಗಿಗಳ ಪರವಾಗಿ ಮೂರು ಪ್ರತ್ಯೇಕ ದೂರು ಸಲ್ಲಿಸುತ್ತೇನೆ. ಮೂವರೂ ಒಬ್ಬರೇ ಎಂಬ ಅಫಿಡವಿಟ್ಟನ್ನು ಆಗ ನೀವೇ ತನ್ನಿ.

ಇತಿ,
ರೋಗಿಯ ಮಗಳು