ಭಾನುವಾರದ ಆಲ್ಬಮ್: ಲೀ ಮಾರ್ಗನ್ ಅವರ ‘ದಿ ಸೈಡ್‌ವೈಂಡರ್’

ಎಲ್ಲರಿಗೂ ನಮಸ್ಕಾರ.

ಈ ಭಾನುವಾರ ಸಂಜೆ 6ಕ್ಕೆ ಒಟ್ಟಿಗೆ ಕೇಳಲಿರುವುದು ಜಾಝ್ ಟ್ರಂಪೆಟ್ ವಾದಕ ಲೀ ಮಾರ್ಗನ್ ಅವರ ‘ದಿ ಸೈಡ್‌ವೈಂಡರ್’. 1963ರ ಡಿಸೆಂಬರಿನಲ್ಲಿ ನ್ಯೂಜೆರ್ಸಿಯ ವ್ಯಾನ್ ಗೆಲ್ಡರ್ ಸ್ಟುಡಿಯೋದಲ್ಲಿ ರೆಕಾರ್ಡ್ ಆಗಿ, ಮರುವರ್ಷ ಬ್ಲೂ ನೋಟ್ ಎಂಬ ರೆಕಾರ್ಡ್ ಕಂಪನಿಯಿಂದ ಬಂತು. ಐದು ಟ್ರ್ಯಾಕ್, ಐದೂ ಮಾರ್ಗನ್ ಅವರದೇ ರಚನೆ. ಒಟ್ಟು 40 ನಿಮಿಷ ಚಿಲ್ಲರೆ.

ಬೀಬಾಪ್ (ಜಾಝ್‌ನ ವೇಗದ, ಜಟಿಲ ಶೈಲಿ) ಅಂದ್ರೆ ತಲೆಬಿಸಿ ಎಂದು ಗೊಣಗುವವರು ಇದಕ್ಕಂತೂ ತಪ್ಪಿಸಬೇಡಿ! ಮೊದಲ ಟ್ರ್ಯಾಕ್ 24 ಬಾರ್‌ಗಳ (ತಾಳದ ಆವರ್ತಗಳ) ಬ್ಲೂಸ್. ಬಾಬ್ ಕ್ರ್ಯಾನ್‌ಶಾ ಅವರ ಬೇಸ್ ಶುರುವಾದರೆ ಕಾಲು ತಾನಾಗೇ ತಾಳ ಹಾಕುತ್ತದೆ. ಹಾಗಂತ ಸುಮ್ನೆ ಕುಣಿಸುವ ಸಂಗೀತ ಅಲ್ಲ. ಪಿಯಾನೋದಲ್ಲಿರುವ ಬ್ಯಾರಿ ಹ್ಯಾರಿಸ್ ಅಪ್ಪಟ ಬೀಬಾಪ್ ಮನುಷ್ಯ, ಮಾರ್ಗನ್ ಕೂಡ ಹದಿನೆಂಟಕ್ಕೇ ಬೀಬಾಪ್ ಹುಟ್ಟುಹಾಕಿದವರಲ್ಲಿ ಒಬ್ಬರಾದ ಡಿಜ್ಜಿ ಗಿಲೆಸ್ಪಿ ತಂಡದಲ್ಲಿ ನುಡಿಸಿದವರು. ಸೋಲೋಗಳಲ್ಲಿ ಅದು ಗೊತ್ತಾಗುತ್ತದೆ. ಬಿಲ್ಲಿ ಹಿಗ್ಗಿನ್ಸ್ ಡ್ರಮ್ಸ್ ಕಡೆಗೂ ಒಂದು ಕಿವಿ ಇರಲಿ.

ಹೆಡ್‌ಫೋನ್ ಇಟ್ಟುಕೊಳ್ಳಿ, ಮೊಬೈಲ್ ಸ್ಪೀಕರಿನಲ್ಲಿ ಬೇಸ್ ಸರಿಯಾಗಿ ಕೇಳಿಸುವುದಿಲ್ಲ. ಲಿಂಕ್ 5:30ಕ್ಕೆ ಇಲ್ಲೇ ಹಾಕುತ್ತೇನೆ. ಟ್ರ್ಯಾಕ್ ನಡೆಯುವಾಗ ಮೆಸೇಜ್ ಬೇಡ, ಮುಗಿದ ಮೇಲೆ ಎಷ್ಟು ಬೇಕಾದರೂ ಹರಟೋಣ.

ಬರುವವರು ಶುಕ್ರವಾರ ರಾತ್ರಿಯೊಳಗೆ ‘ಬರ್ತೀನಿ’ ಅಂತ ಹಾಕಿ. ಸಮಯ ಆಗದವರೂ ತಿಳಿಸಿ, ಜಾಸ್ತಿ ಜನ ಇದ್ದರೆ 7ಕ್ಕೆ ಇಡೋಣ.