ಗೆಳೆಯನಿಗೊಂದು ಪತ್ರ: ಹಗ್ಗ, ಅಡಿಕೆ ದಬ್ಬೆ, ಹಂಚಿನ ಮಾಡು

ಶಿರಸಿ

ಪ್ರೀತಿಯ ಗೆಳೆಯಾ,

ಆರ್ಕಿಟೆಕ್ಚರ್ ಮಕ್ಕಳನ್ನು ಎರಡು ದಿನ ಇಲ್ಲಿಗೆ ಕರೆತಂದು ಸ್ಟ್ರಕ್ಚರ್ ಪಾಠವನ್ನು ಕೈಯಿಂದಲೇ ಮಾಡಿಸುತ್ತೇನೆ ಎಂದು ಬರೆದಿದ್ದೀಯಲ್ಲ, ತುಂಬಾ ಒಳ್ಳೆಯ ಕೆಲಸ. ಒಂದು ಷರತ್ತು ಮಾತ್ರ ಬಿಡಬೇಡ: ಭಾರ ಹೇರುವ ಮುಂಚೆ ಪ್ರತಿಯೊಬ್ಬರೂ ತಮ್ಮ ಅಂದಾಜಿನ ಅಂಕಿ ಬರೆದಿಡಬೇಕು. ಬರೆಯದಿದ್ದರೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ಎಷ್ಟು ಬಾಗಿದರೂ ‘ಹೌದು, ಹಾಗೇ ಅಂದುಕೊಂಡಿದ್ದೆ’ ಅನ್ನುತ್ತಾರೆ. ಸೂತ್ರ ಕೊನೆಯಲ್ಲಿ ಬರಲಿ.

ಮೊದಲು ಹಗ್ಗ. ಒಂದು ತುದಿ ಕಂಬಕ್ಕೆ, ಇನ್ನೊಂದು ಅದೇ ಎತ್ತರದಲ್ಲಿ ಸ್ಪ್ರಿಂಗ್ ತಕ್ಕಡಿಗೆ, ನಡುವೆ 2 ಮೀಟರ್ ಅಂತರ. ಮಧ್ಯದಲ್ಲಿ 2 ಲೀಟರ್ ನೀರಿನ ಬಾಟಲಿ. ಹಗ್ಗ 50 ಸೆಂ.ಮೀ. ಜೋತಿದ್ದಾಗ ತಕ್ಕಡಿ ಸುಮಾರು 2.2 ಕೆ.ಜಿ. ತೋರಿಸುತ್ತದೆ. ಜೋತು 10 ಸೆಂ.ಮೀ.ಗೆ ಇಳಿಯುವಂತೆ ಬಿಗಿದರೆ ಹತ್ತಿರ ಹತ್ತಿರ 10 ಕೆ.ಜಿ! ಪೂರ್ತಿ ನೇರ ಮಾಡಿ ನೋಡಿ ಎಂದು ಹೇಳು, ಎಷ್ಟೇ ಎಳೆದರೂ ಆಗದು. ಜೋತನ್ನು ಬಾಟಲಿ ಕಟ್ಟಿದ ಮೇಲೆಯೇ ಅಳೆಯಬೇಕು, ಏಕೆಂದರೆ ಹಗ್ಗ ಹಿಗ್ಗುತ್ತದೆ. ತಕ್ಕಡಿ ಹಗ್ಗದ ಓರೆಗೆ ಸರಿಯಾಗಿ ಇರದಿದ್ದರೆ ಅಂಕಿ ತಪ್ಪು ಬರುತ್ತದೆ. ಮರುದಿನ ಶಿರಸಿ ಹತ್ತಿರ ಶಾಲ್ಮಲಾ ಹೊಳೆಯ ಸಹಸ್ರಲಿಂಗಕ್ಕೆ ಹೋದಾಗ ಅಲ್ಲಿಯ ತೂಗುಸೇತುವೆಯ ಕೇಬಲ್ ದಡದಲ್ಲಿ ಎಲ್ಲಿ ಹೋಗಿ ಹುದುಗಿದೆ ಎಂದು ಅವರೇ ಹುಡುಕಲಿ.

ಈಗ ಅದೇ ಹಗ್ಗವನ್ನು ತಲೆಕೆಳಗು ಮಾಡು. ಜೋತ ಹಗ್ಗದ ಆಕಾರವನ್ನು ತಿರುವಿ ನಿಲ್ಲಿಸಿದರೆ ಅದೇ ಕಮಾನು, ಎಳೆತವಿದ್ದಲ್ಲೆಲ್ಲ ಈಗ ಒತ್ತಡ; ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್ 1675ರಲ್ಲಿ ಕಮಾನಿನ ಬಗ್ಗೆ ಹೇಳಿದ್ದು ಇದನ್ನೇ. ನಮ್ಮೂರಲ್ಲಿ ಇದಕ್ಕೆ ಕಮಾನೇ ಬೇಕಿಲ್ಲ, ಹಂಚಿನ ಮಾಡು ಸಾಕು. 112 ಸೆಂ.ಮೀ. ಉದ್ದದ ಎರಡು ದಬ್ಬೆಗಳ ತುದಿಗಳನ್ನು ಬಟ್ಟೆಯಿಂದ ಕಟ್ಟಿ ಪಕಾಸಿನಂತೆ (ಮಾಡಿನ ಓರೆ ಮರದಂತೆ) ನಿಲ್ಲಿಸು. ಪಾದಗಳ ನಡುವೆ 2 ಮೀಟರ್ ಇದ್ದರೆ ಎತ್ತರ 50 ಸೆಂ.ಮೀ. ಬರುತ್ತದೆ. ಪಾದದಿಂದ ಪಾದಕ್ಕೆ ದಾರ, ದಾರದ ನಡುವೆ ತಕ್ಕಡಿ. ನೆತ್ತಿಗೆ 2 ಕೆ.ಜಿ. ತೂಗಿಸಿದರೆ ತಕ್ಕಡಿಯ ಅಂಕಿ 2 ಕೆ.ಜಿ.ಯಷ್ಟು ಏರಬೇಕು. ದಬ್ಬೆಗಳ ಸ್ವಂತ ತೂಕವೂ ತಳ್ಳುವುದರಿಂದ ಖಾಲಿ ಇದ್ದಾಗಿನ ಅಂಕಿ ಮೊದಲೇ ಬರೆದುಕೊಂಡು ಕಳೆಯಬೇಕು. ನೆಲಕ್ಕೆ ತಗಡು ಹಾಸಿ ಎಣ್ಣೆ ಸವರು. ಇಲ್ಲದಿದ್ದರೆ ಘರ್ಷಣೆ ತಳ್ಳಿಕೆಯ ಒಂದು ಪಾಲನ್ನು ತಾನೇ ಹೊತ್ತುಕೊಳ್ಳುತ್ತದೆ. ಕೊನೆಗೆ ದಾರ ಕತ್ತರಿಸು. ಅಡ್ಡತೊಲೆ ತೆಗೆಸಿದ ಮನೆಯಲ್ಲಿ ಚಿರೆಕಲ್ಲಿನ ಗೋಡೆ ಹೊರಕ್ಕೆ ವಾಲುವುದೇಕೆ ಎಂದು ಆಮೇಲೆ ವಿವರಿಸಬೇಕಾಗಿಲ್ಲ.

ಬೀಮ್ (ಅಡ್ಡ ಮಲಗಿ ಭಾರ ಹೊರುವ ತೊಲೆ) ಪಾಠಕ್ಕೂ ದಬ್ಬೆಯೇ. ಒಳಗಿನ ಮೆತ್ತನೆಯ ತಿರುಳು ಕೆತ್ತಿ, 3 ಸೆಂ.ಮೀ. ಅಗಲ, 1 ಸೆಂ.ಮೀ. ದಪ್ಪಕ್ಕೆ ಹತ್ತರಿ ಹೊಡೆಸಬೇಕು. (ಆ ತಿರುಳನ್ನು ಎಸೆಯುವ ಮುಂಚೆ ತೋರಿಸು: ಗಟ್ಟಿ ನಾರನ್ನೆಲ್ಲ ಮರ ನಡುವಿನಿಂದ ದೂರ ಇಟ್ಟುಕೊಂಡಿದೆ.) 1 ಮೀಟರ್ ಅಂತರದ ಆಧಾರದ ಮೇಲೆ ಮಲಗಿಸಿ ನಡುವೆ 1 ಕೆ.ಜಿ. ತೂಗಿಸು. 8 ಮಿ.ಮೀ. ಬಾಗಿತೆಂದು ಇಟ್ಟುಕೋ. ಅಂತರ 50 ಸೆಂ.ಮೀ. ಮಾಡಿದರೆ? ಹೆಚ್ಚಿನವರು 4 ಎಂದು ಬರೆಯುತ್ತಾರೆ, ಬರುವುದು 1. ಅಷ್ಟು ಸಣ್ಣದನ್ನು ಸ್ಕೇಲಿನಲ್ಲಿ ಓದಲಾಗದು, ಆದ್ದರಿಂದ 4 ಕೆ.ಜಿ. ತೂಗಿಸಿ ನಾಲ್ಕರಿಂದ ಭಾಗಿಸಲಿ. ದಬ್ಬೆಯನ್ನು ಅಂಚಿನ ಮೇಲೆ ನಿಲ್ಲಿಸಿದರೆ ಬಾಗು ಒಂಬತ್ತನೇ ಒಂದು ಪಾಲು. ಆಗ ಅದು ಪಕ್ಕಕ್ಕೆ ಮಗುಚುತ್ತದೆ, ತುದಿಗಳು ಕೂರಲು ಸಡಿಲವಾದ ಸಂದು ಬೇಕು. ಬಿಗಿಯಾಗಿ ಕಚ್ಚಿಸಬೇಡ, ತುದಿ ತಿರುಗದಿದ್ದರೆ ಬಾಗು ಕಾಲು ಭಾಗಕ್ಕೆ ಇಳಿದು ಲೆಕ್ಕವೆಲ್ಲ ಕೆಡುತ್ತದೆ. ಆಧಾರವಾಗಿ ಇಟ್ಟಿಗೆಯ ಬದಲು 12 ಮಿ.ಮೀ. ಸರಳು ಇಡು, ಅಂತರ ಎಲ್ಲಿಂದ ಎಲ್ಲಿಗೆ ಎಂಬ ಗೊಂದಲ ತಪ್ಪುತ್ತದೆ. ಹಸಿ ದಬ್ಬೆ ಭಾರ ಹೊತ್ತಷ್ಟು ಹೊತ್ತೂ ಬಾಗುತ್ತಲೇ ಇರುತ್ತದೆ, ಹತ್ತು ಸೆಕೆಂಡಿನೊಳಗೆ ಓದಿಬಿಡಬೇಕು. ಒಂದನ್ನು ರಾತ್ರಿಯಿಡೀ ಹಾಗೇ ಬಿಟ್ಟು ಬೆಳಿಗ್ಗೆ ಅಳೆಸು.

ಕಂಬದ ಪಾಠಕ್ಕೆ 60 ಸೆಂ.ಮೀ. ಸ್ಟೀಲ್ ಸ್ಕೇಲ್ ಸಾಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಯ ಮೇಲೆ, ಗೆರೆ ಕೊರೆದ ಮರದ ತುಂಡಿನಲ್ಲಿ ನಿಲ್ಲಿಸಿ ಮೇಲಿನಿಂದ ಒತ್ತಬೇಕು. 25 ಮಿ.ಮೀ. ಅಗಲ, 1 ಮಿ.ಮೀ. ದಪ್ಪ ಇದ್ದರೆ ಸುಮಾರು 1.2 ಕೆ.ಜಿ.ಗೆ ಬಾಗತೊಡಗಿ, ಆಮೇಲೆ ಎಷ್ಟು ಒತ್ತಿದರೂ ಅಂಕಿ ಏರದು. ಸರಿಯಾಗಿ ನಡುವಿನಲ್ಲಿ ಇನ್ನೊಬ್ಬರು ಎರಡು ಬೆರಳಿಂದ ಹಗುರಾಗಿ ಹಿಡಿದರೆ ಅದೇ ಸ್ಕೇಲ್ 4.6 ಕೆ.ಜಿ.ಯವರೆಗೆ ತಾಳುತ್ತದೆ. ದಪ್ಪವನ್ನು ವರ್ನಿಯರ್‌ನಲ್ಲೇ (ಮಿ.ಮೀ.ನ ಸಣ್ಣ ಭಾಗವನ್ನೂ ಅಳೆಯುವ ಉಪಕರಣ) ಅಳೆಯಬೇಕು, 0.9 ಇದ್ದರೆ ತಾಳಿಕೆ ಕಾಲು ಭಾಗಕ್ಕೂ ಹೆಚ್ಚು ಕುಸಿಯುತ್ತದೆ. ಸ್ಕೇಲ್ ಚಿಮ್ಮಬಹುದು, ಕಣ್ಣಿಗೆ ರಕ್ಷಣೆ ಇಲ್ಲದೆ ಯಾರೂ ಹತ್ತಿರ ಹೋಗುವುದು ಬೇಡ.

ದಬ್ಬೆ ನಾನು ಸೀಳಿಸಿ ಒಣಗಿಸಿ ಇಡುತ್ತೇನೆ, ಹಸಿಯವು ನಾಲ್ಕು ಬೇರೆ. 25 ಕೆ.ಜಿ.ಯ ಸ್ಪ್ರಿಂಗ್ ತಕ್ಕಡಿ ಎರಡು, ಡಿಜಿಟಲ್ ತಕ್ಕಡಿ, ವರ್ನಿಯರ್, ಕನ್ನಡಕಗಳು ನಿನ್ನ ಪಾಲು.

ನಿನ್ನ ಗೆಳೆಯ