‘ಎನರ್ಜೈಸ್’ ಬರೆಯುವಾಗ

ಸದಸ್ಯರ ಗಮನಕ್ಕೆ,

ಇಂಗ್ಲಿಷಿನ ‘ಎನರ್ಜೈಸ್’ (ಹುರುಪು ತುಂಬು) ಸಾಮಾನ್ಯವಾಗಿ ಸಕರ್ಮಕ ಕ್ರಿಯಾಪದ. ಹುರುಪು ಯಾರಲ್ಲಿ ತುಂಬಿತು ಎಂಬ ಕರ್ಮಪದ ಅದರ ಬೆನ್ನಿಗೇ ಬರಬೇಕು: ‘ದಿ ಸ್ಪೀಚ್ ಎನರ್ಜೈಸ್ಡ್ ದಿ ವಾಲಂಟಿಯರ್ಸ್’. ನಡುವೆ ‘ಟು’ ಸೇರಿಸಬೇಡಿ. ‘ಅವರಿಗೆ ಹುರುಪು ಬಂತು’ ಎನ್ನುವಾಗಿನ ನಮ್ಮ ‘ಗೆ’ ಪ್ರತ್ಯಯವೇ ಅಲ್ಲಿ ನುಸುಳುವುದು.

ಹುರುಪು ಕೊಡುವಂಥದ್ದು ‘ಎನರ್ಜೈಸಿಂಗ್’, ಪಡೆದವರು ‘ಎನರ್ಜೈಸ್ಡ್’. ನಡಿಗೆ ಮುಗಿಸಿ ಚೈತನ್ಯ ಬಂದಿದ್ದರೆ ‘ಐ ಫೀಲ್ ಎನರ್ಜೈಸ್ಡ್’ ಎಂದೇ ಬರೆಯಿರಿ.

ಕಾಗುಣಿತದಲ್ಲಿ (energize / energise) ಅಮೆರಿಕನ್ನರದು ಜೆಡ್. ಬ್ರಿಟಿಷರಲ್ಲಿ ಎಸ್ ಹೆಚ್ಚು, ಆದರೆ ಆಕ್ಸ್‌ಫರ್ಡ್ ಶೈಲಿಯಲ್ಲಿ ಜೆಡ್. ಯಾವುದಾದರೂ ಸರಿ, ಒಂದೇ ಬರಹದಲ್ಲಿ ಎರಡೂ ಬೇಡ.

ದೊಡ್ಡ ಗುಂಡಿ ಇರುವುದು ‘ಎನರ್ವೇಟ್’ ಪದದಲ್ಲಿ. ಕಿವಿಗೆ ‘ಎನರ್ಜಿ’ಯ ನೆಂಟನಂತೆ ಕೇಳಿಸಿದರೂ ಅರ್ಥ ತದ್ವಿರುದ್ಧ: ಬಲಗುಂದಿಸು. ಲ್ಯಾಟಿನ್ನಿನಲ್ಲಿ ‘ನೆರ್ವುಸ್’ ಎಂದರೆ ಸ್ನಾಯುರಜ್ಜು, ಪದದ ಮೊದಲಿನ ‘ಎ’ ಎಂದರೆ ಹೊರಕ್ಕೆ. ನರ ಕಿತ್ತಂತೆ ಎನ್ನಿ. ‘ಯುವರ್ ಟಾಕ್ ವಾಸ್ ಎನರ್ವೇಟಿಂಗ್’ ಎಂದು ಹೊಗಳಲು ಹೋದರೆ ಕೇಳಿದವರು ಸುಸ್ತಾದರು ಎಂದೇ ಓದಿಕೊಳ್ಳುತ್ತಾರೆ. ಹೊಗಳಲು ‘ಇನ್ವಿಗರೇಟಿಂಗ್’ ಇದೆ.

ತಾಂತ್ರಿಕ ಬರಹದಲ್ಲಿ ಮಾತ್ರ ‘ಎನರ್ಜೈಸ್’ಗೆ ಹುರುಪಿನ ನಂಟಿಲ್ಲ: ‘ಎನರ್ಜೈಸ್ ದಿ ರಿಲೇ’ ಎಂದರೆ ರಿಲೇಯ (ವಿದ್ಯುತ್ತಿನಿಂದ ಕೆಲಸ ಮಾಡುವ ಸ್ವಿಚ್ಚಿನ) ಕಾಯಿಲ್‌ಗೆ, ಅಂದರೆ ತಂತಿಸುರುಳಿಗೆ, ವಿದ್ಯುತ್ ಹರಿಸು.